ರೈಲು ಬಿಟ್ಟುಹೋದ ಸೇತುವೆ

ಸೋದರಿಯರೇ, ಹಳೆಯ ಸೀರೆ ಹರಿದರೆ ನಾವೇನು ಎಸೆದುಬಿಡುತ್ತೇವೆಯೇ? ಕೌದಿ ಹೊಲಿಯುತ್ತೇವೆ. ಕೌದಿಯೂ ಸವೆದರೆ ಅದರ ತುಂಡು ಮಸಿಬಟ್ಟೆಯಾಗುತ್ತದೆ. ಸಮುದ್ರದ ಮೇಲಿನ ಒಂದು ಸೇತುವೆಗೂ ಹೀಗೇ ಮೂರು ಜನ್ಮ ಆಗಿದೆ. ಈ ಸಲ ಅಡಿಗೆಮನೆಯ ಮಾತು ಬದಿಗಿಟ್ಟು ಅದರ ಕತೆ ಹೇಳುತ್ತೇನೆ.

ಅಮೆರಿಕದ ಫ್ಲಾರಿಡಾ ರಾಜ್ಯದ ತುದಿಯಲ್ಲಿ ಸಣ್ಣ ಸಣ್ಣ ದ್ವೀಪಗಳ ಸಾಲೇ ಇದೆ. ಅವನ್ನು ‘ಕೀ’ ಅಂತಾರೆ. ಬೀಗದ ಕೈಗೂ ಇದಕ್ಕೂ ಸಂಬಂಧವಿಲ್ಲ ಬಿಡಿ. ಕೊನೆಯ ದ್ವೀಪ ಕೀ ವೆಸ್ಟ್‌ವರೆಗೂ ರೈಲು ಓಡಿಸಬೇಕೆಂದು ಹಟ ಹಿಡಿದವರು ಹೆನ್ರಿ ಫ್ಲಾಗ್ಲರ್ ಎಂಬ ಧನಿಕರು. ಎಣ್ಣೆ ವ್ಯಾಪಾರದಲ್ಲಿ ರಾಕ್‌ಫೆಲ್ಲರ್‌ರ ಪಾಲುದಾರರಾಗಿದ್ದವರು. 1905ರಲ್ಲಿ ಕೆಲಸ ಶುರುವಾದಾಗ ಅವರಿಗೆ ವಯಸ್ಸು 75!

ಸುತ್ತ ಸಮುದ್ರ, ಕುಡಿಯಲು ಹನಿ ನೀರಿಲ್ಲ. ಸಿಹಿನೀರನ್ನು ಹೊರಗಿನಿಂದಲೇ ತರಬೇಕಿತ್ತು. ಉಪ್ಪುನೀರಿನೊಳಗೆ ನಿಲ್ಲುವ ಭಾಗಕ್ಕೆ ಜರ್ಮನಿಯಿಂದ ಸಿಮೆಂಟು ತರಿಸಿದರು. ಲಾಂಗ್ ಕೀ ಎಂಬಲ್ಲಿ ಎರಡು ಮೈಲಿಗೂ ಉದ್ದದ ಕಾಂಕ್ರೀಟು ಸೇತುವೆ ಎದ್ದಿತು. ನೂರಕ್ಕೂ ಹೆಚ್ಚು ಕಮಾನು, ಒಂದರ ಪಕ್ಕ ಒಂದು. ಆದರೆ ಅದಕ್ಕೆ ತೆತ್ತ ಬೆಲೆಯೂ ಕಡಿಮೆಯಲ್ಲ. 1906ರ ಅಕ್ಟೋಬರಿನ ಚಂಡಮಾರುತದಲ್ಲಿ, ಕೂಲಿಗಳು ಮಲಗುತ್ತಿದ್ದ ದೋಣಿಮನೆ ಕಡಲಿಗೆ ಕೊಚ್ಚಿಹೋಗಿ ನೂರಕ್ಕೂ ಹೆಚ್ಚು ಜನ ಸತ್ತರು. ಧನಿಕರ ಹೆಸರು ಎಲ್ಲರಿಗೂ ಗೊತ್ತು, ಈ ಬಡಪಾಯಿಗಳ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ?

1912ರ ಜನವರಿಯಲ್ಲಿ ರೈಲು ಕೀ ವೆಸ್ಟ್ ತಲುಪಿತು. ಮರುವರ್ಷವೇ ಫ್ಲಾಗ್ಲರ್ ತೀರಿಕೊಂಡರು.

ಆಮೇಲೆ 1935ರ ಸೆಪ್ಟೆಂಬರ್ 2. ಅಂಥ ಬಿರುಗಾಳಿ ಆ ದೇಶ ಕಂಡಿದ್ದೇ ಅಪರೂಪ. ಅಲ್ಲಿ ರಸ್ತೆ ಕೆಲಸಕ್ಕೆ ಬಂದಿದ್ದ ಮಾಜಿ ಸೈನಿಕರನ್ನು ಕರೆತರಲು ಒಂದು ರೈಲು ಹೊರಟಿತು, ಆದರೆ ಹೊರಟಿದ್ದೇ ತಡ. ಅಲೆ ಬಂದು ಡಬ್ಬಿಗಳನ್ನೆಲ್ಲ ಉರುಳಿಸಿತು, ಎಂಜಿನ್ ಒಂದು ಮಾತ್ರ ಹಳಿಯ ಮೇಲೆ ನಿಂತಿತ್ತು. ನಾನೂರಕ್ಕೂ ಹೆಚ್ಚು ಜನ ಹೋದರು. ಹೊತ್ತಿಗೆ ಸರಿಯಾಗಿ ಹೊರಟಿದ್ದರೆ ಎಷ್ಟು ಮನೆ ಉಳಿಯುತ್ತಿದ್ದವೋ! ನನಗಂತೂ ಈ ಕತೆಯಲ್ಲಿ ಹೊಟ್ಟೆ ಉರಿಯುವುದು ಇಲ್ಲೇ.

ದ್ವೀಪಗಳ ನಡುವೆ ಹಾಕಿದ್ದ ಮಣ್ಣುಕಲ್ಲಿನ ಏರಿ ಮೈಲಿಗಟ್ಟಲೆ ಕೊಚ್ಚಿಹೋಯಿತು. ಕಮಾನು ಸೇತುವೆ ಮಾತ್ರ ಜಗ್ಗಲಿಲ್ಲ. ಸಾಲದಲ್ಲಿದ್ದ ರೈಲು ಕಂಪನಿಗೆ ದುರಸ್ತಿ ಮಾಡಿಸುವ ಶಕ್ತಿಯಿರಲಿಲ್ಲ, ರಾಜ್ಯ ಸರ್ಕಾರಕ್ಕೆ ಮಾರಿತು. ಅವರು ಸೇತುವೆಯ ಮೇಲೆ ರಸ್ತೆ ಹಾಸಿ 1938ರಲ್ಲಿ ಮೋಟಾರು ಬಿಟ್ಟರು. ಕೆಲವು ಕಡೆ ಕಿತ್ತ ಹಳಿಗಳೇ ಪಕ್ಕದ ತಡೆಗಂಬಿಗಳಾದವು. ನೋಡಿದಿರಾ, ಅಲ್ಲೂ ಯಾರೋ ಜಾಣೆಯ ಬುದ್ಧಿ!

1980ರ ದಶಕದ ಆರಂಭದಲ್ಲಿ ಪಕ್ಕದಲ್ಲೇ ಅಗಲವಾದ ಹೊಸ ಸೇತುವೆ ಬಂತು. ಹಳೆಯದನ್ನು ಕೆಡವಲಿಲ್ಲ. ಈಗ ಅದರ ಮೇಲೆ ನಡೆಯುವವರು, ಸೈಕಲ್ಲಿನವರು, ಗಾಳ ಹಾಕಿ ಕೂತವರು. ನಿಮ್ಮ ಮಕ್ಕಳು ಆ ಕಡೆ ಇದ್ದು ಕರೆದುಕೊಂಡು ಹೋದರೆ ಬೆಳಿಗ್ಗೆ ಬೇಗ ಹೋಗಿ. ಸೇತುವೆಯ ಮೇಲೆ ನೆರಳಿಲ್ಲ, ಅಂದು ಕೂಲಿಗಳಿಗೆ ತಂದ ಹಾಗೆ ಇಂದೂ ಕುಡಿಯುವ ನೀರು ಕೈಲಿ ಹಿಡಿದೇ ಹೊರಡಬೇಕು.