ಗುಜರಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿಸಿ ನೋಡಿ

ಮಳೆ ಹಿಂದೆ ಸರಿಯುವ ಹೊತ್ತಿಗೆ ಮಲೆನಾಡು, ಕರಾವಳಿಯ ತೋಟಗಳಲ್ಲಿ ಕಳೆ ಮೊಣಕಾಲು ದಾಟಿರುತ್ತದೆ. ಅಡಿಕೆ ಕೊಯ್ಲಿಗೆ ಮೊದಲು ಹುಲ್ಲು ಸವರಬೇಕು, ಸವರಲು ಆಳು ಸಿಗುವುದಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿದ್ದ ವೀಡ್ ಕಟ್ಟರ್ ಹೊರಬರುತ್ತದೆ. ಹಗ್ಗ ಎಳೆದೂ ಎಳೆದೂ ರಟ್ಟೆ ಸೋಲುತ್ತದೆಯೇ ಹೊರತು ಎಂಜಿನ್ ಏಳುವುದಿಲ್ಲ. ಪೇಟೆಯಲ್ಲಿ ಹೊಸ ಯಂತ್ರ ಥಳಥಳಿಸುತ್ತಿದೆ, ಹಳೆಯದನ್ನು ಕಿಲೋ ಲೆಕ್ಕದಲ್ಲಿ ಒಯ್ಯಲು ಗುಜರಿಯವರು ಸಿದ್ಧ. ತೀರ್ಮಾನ ಒಂದೇ ಮಧ್ಯಾಹ್ನದಲ್ಲಿ ಆಗಿಹೋಗುತ್ತದೆ.

ಆ ತೀರ್ಮಾನವನ್ನು ಎರಡು ದಿನ ಮುಂದೂಡಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ಮಳೆಗಾಲವಿಡೀ ಸುಮ್ಮನಿದ್ದ ಯಂತ್ರ ಏಳದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಟ್ಯಾಂಕಿನಲ್ಲೇ ಉಳಿದ ಪೆಟ್ರೋಲನ್ನು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಆಷಾಢದಲ್ಲಿ ತೇವಕ್ಕೇನು ಬರವೇ? ಹಳತಾದ ಪೆಟ್ರೋಲು ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳಲ್ಲಿ ಅಂಟಾಗಿ ಕೂರುತ್ತದೆ. ಒಳಗಿನ ತೆಳುವಾದ ಡಯಾಫ್ರಮ್ ಬಿರುಸಾಗುತ್ತದೆ. ಎಂಜಿನ್ ಕೆಟ್ಟಿಲ್ಲ, ಅದಕ್ಕೆ ಪೆಟ್ರೋಲು ತಲುಪುತ್ತಿಲ್ಲ, ಅಷ್ಟೆ.

ಇದರ ಸುಳಿವು ನಿಮಗೇ ಸಿಗಬಹುದು. ನಾಲ್ಕಾರು ಸಲ ಹಗ್ಗ ಎಳೆದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಒದ್ದೆಯಾಗಿದ್ದರೆ ಬರುತ್ತಿದೆ; ಆಗ ಕಿಡಿಯ ಕಡೆ ಗಮನ ಕೊಡಬೇಕು. ಪ್ಲಗ್ ಬದಲಿಸುವುದು, ಏರ್ ಫಿಲ್ಟರ್ ತೊಳೆಯುವುದು, ಕಾರ್ಬ್ಯುರೇಟರ್ ಸ್ವಚ್ಛಗೊಳಿಸಿ ಡಯಾಫ್ರಮ್ ಹಾಕಿಸುವುದು ಇವೆಲ್ಲ ಹೊಸ ಯಂತ್ರದ ಬೆಲೆಯ ಮುಂದೆ ಪುಡಿಗಾಸು.

ಹಾಗೆಂದು ಎಲ್ಲವನ್ನೂ ರಿಪೇರಿ ಮಾಡಿಸಿ ಎಂದು ಹಟ ಹಿಡಿಯುವುದಿಲ್ಲ. ಇಂಥ ಯಂತ್ರಗಳ ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಆಯಿಲ್ ಟ್ಯಾಂಕ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ 2ಟಿ ಆಯಿಲ್ಲೇ ಅದರ ಜೀವ. ಕೈಪಿಡಿಯಲ್ಲಿ 1:50 ಎಂದಿದ್ದರೆ ಲೀಟರಿಗೆ 20 ಮಿಲಿ, 1:25 ಎಂದಿದ್ದರೆ 40 ಮಿಲಿ. ಅವಸರದಲ್ಲಿ ಯಾರೋ ಬರೀ ಪೆಟ್ರೋಲು ಸುರಿದರೆ ಕತೆ ಬೇರೆ. ಸೈಲೆನ್ಸರ್ ಬಿಚ್ಚಿದಾಗ ಕಿಂಡಿಯಲ್ಲಿ ಪಿಸ್ಟನ್‌ನ ಮೈ ಕಾಣುತ್ತದೆ. ಅದು ನುಣುಪಾಗಿದ್ದರೆ ಧೈರ್ಯವಾಗಿ ಖರ್ಚು ಮಾಡಿ. ಉದ್ದುದ್ದ ಗೀರು ಬಿದ್ದಿದ್ದರೆ ಸಿಲಿಂಡರ್, ಪಿಸ್ಟನ್, ರಿಂಗ್ ಎಲ್ಲ ಹೊಸದಾಗಬೇಕಾದೀತು. ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ ಬದಲಿಸುವುದೇ ಮೇಲು ಎಂಬ ಲೆಕ್ಕ ಒಪ್ಪತಕ್ಕದ್ದೇ. ಆದರೆ ಬಿಚ್ಚಿ ನೋಡದೆ ಆ ಲೆಕ್ಕ ಹಾಕಲು ಬರುವುದಿಲ್ಲ.

ಇನ್ನು ನನ್ನ ಮುಖ್ಯ ಕೋರಿಕೆ. ಮೆಕ್ಯಾನಿಕ್ ಯಂತ್ರ ಬಿಚ್ಚಿ, ಒಂದು ಗಂಟೆ ನೋಡಿ, "ಇದಕ್ಕೆ ದುಡ್ಡು ಹಾಕಬೇಡಿ ಸಾರ್" ಎಂದರೆ ಆ ಗಂಟೆಯ ಕೂಲಿಯನ್ನು ದಯವಿಟ್ಟು ಕೊಟ್ಟು ಬನ್ನಿ. ರಿಪೇರಿಯೇ ಆಗಲಿಲ್ಲವಲ್ಲ ಎಂದು ನಮಗೆ ಅನ್ನಿಸುವುದು ಸಹಜ. ಆದರೆ ಅವರು ನಿಮಗೆ ಸಾವಿರಾರು ರೂಪಾಯಿ ಉಳಿಸಿದ್ದಾರೆ. ನಿಜ ಹೇಳಿದ್ದಕ್ಕೆ ಬರಿಗೈ, ಬೇಡದ ಪಾರ್ಟ್ ಹಾಕಿದರೆ ಕಾಸು ಎಂದಾದರೆ ಅಂಗಡಿ ನಡೆಸುವವರು ಏನು ಮಾಡಬೇಕು? ಆ ಹಳೆಯ ಯಂತ್ರವನ್ನೂ ಅವರಲ್ಲೇ ಬಿಡಿ. ಅದರ ಕ್ಲಚ್, ಗೇರ್ ಹೆಡ್, ಸ್ಟಾರ್ಟರ್ ಇನ್ನೊಬ್ಬರ ಯಂತ್ರವನ್ನು ನಡೆಸುತ್ತವೆ.

ಕೆಲಸ ನಿಲ್ಲುತ್ತದೆ ಎಂಬ ಆತಂಕ ನ್ಯಾಯವಾದದ್ದು. ರಿಪೇರಿಯ ದಿನಗಳ ಮಟ್ಟಿಗೆ ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುವುದೇ ಎಂದು ವಿಚಾರಿಸಿ. ನೆರೆಮನೆಯವರನ್ನೂ ಕೇಳಬಹುದು.

ಹೊಸದನ್ನೇ ಕೊಳ್ಳುವುದಾದರೆ ದರ ಕೇಳುವ ಮೊದಲು ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳಿ. ಕಾರ್ಬ್ಯುರೇಟರ್ ತೋರಿಸಿ ಎನ್ನಿ. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಕೆಲವು ಸರಕುಗಳ ಮೇಲೆ, ರಿಪೇರಿ ಎಷ್ಟು ಸುಲಭ ಎಂದು ಹತ್ತಕ್ಕೆ ಇಂತಿಷ್ಟು ಅಂಕ ನಮೂದಿಸಬೇಕು. ಮೊದಲ ಐದು ಸರಕುಗಳಲ್ಲಿ ಫೋನು, ಟಿವಿಗಳ ಜೊತೆ ವಿದ್ಯುತ್ತಿನ ಹುಲ್ಲು ಕತ್ತರಿಸುವ ಯಂತ್ರವೂ ಇತ್ತು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. ಅದಕ್ಕಾಗಿ ಆರಿಸಿದ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣವೂ ಒಂದು. ನೀವು ಕೊಳ್ಳಬೇಕೆಂದಿರುವ ಕಂಪನಿ ಅದರಲ್ಲಿದೆಯೇ, ಏನು ಮಾಹಿತಿ ಕೊಟ್ಟಿದೆ ಎಂದು ನೋಡಿ. ಅಂಕದ ಚೀಟಿ ನಮ್ಮ ಅಂಗಡಿಗೆ ಬರುವವರೆಗೆ ನಿಮ್ಮ ಪ್ರಶ್ನೆಯೇ ಆ ಕೆಲಸ ಮಾಡಬೇಕು.

ಈ ಸಲ ಸವರುವ ಕೆಲಸ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿಸಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಡಿ. ಹಾಗೆಯೇ ನಿಮ್ಮೂರಿನ ಸಹಕಾರ ಸಂಘದ ಫಲಕದಲ್ಲಿ, ಅಡಿಕೆ ಧಾರಣೆಯ ಪಕ್ಕ, ನಿಮಗೆ ನಿಜ ಹೇಳಿದ ಮೆಕ್ಯಾನಿಕ್‌ನ ಹೆಸರನ್ನೂ ಫೋನ್ ನಂಬರನ್ನೂ ಅವರ ಒಪ್ಪಿಗೆ ಪಡೆದು ಬರೆಸಿ.