ಯುದ್ಧಕಾಲದ ಸುಳ್ಳಿಗೆ ಲೆಕ್ಕ ಕೇಳುವವರು ಯಾರು?

2024ರ ನವೆಂಬರ್‌ನಲ್ಲಿ ಸ್ವೀಡನ್ನಿನ ಮನೆಮನೆಯ ಅಂಚೆಪೆಟ್ಟಿಗೆಗೆ 32 ಪುಟಗಳ ಒಂದು ಕೈಪಿಡಿ ಬಂದು ಬಿತ್ತು. ‘ಬಿಕ್ಕಟ್ಟು ಅಥವಾ ಯುದ್ಧ ಬಂದರೆ’ ಎಂಬುದು ಅದರ ಹೆಸರು. ಮನೆಯಲ್ಲಿ ಎಷ್ಟು ನೀರು, ದಿನಸಿ ಇಟ್ಟುಕೊಳ್ಳಬೇಕು, ಸೈರನ್ ಕೂಗಿದರೆ ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಅದರಲ್ಲಿತ್ತು. ಇದರ ಸುದ್ದಿ ಊರಿನ ಟಿವಿಗಳಲ್ಲೂ ಬಂದದ್ದೇ ತಡ, ಹಾಸನ, ಶಿವಮೊಗ್ಗ, ಧಾರವಾಡಗಳಿಂದ ನಮಗೆ ಫೋನ್‌ಗಳು ಶುರುವಾದವು. ‘ಅಲ್ಲಿ ಯುದ್ಧ ಆಗ್ತದಂತೆ, ಹೌದೇನೋ?’ ಎಂದು ಕೇಳಿದ ಅಪ್ಪ ಅಮ್ಮಂದಿರಿಗೆ ನಾವೆಲ್ಲ ಹೇಳಿದ್ದು ಒಂದೇ ಉತ್ತರ: ‘ಏನೂ ಇಲ್ಲಮ್ಮ, ಸುಮ್ಮನೆ ಪುಸ್ತಕ ಹಂಚಿದ್ದಾರೆ ಅಷ್ಟೆ.’

ಅದು ಪೂರ್ತಿ ನಿಜವಲ್ಲ ಎಂದು ನಮಗೆ ಗೊತ್ತಿತ್ತು. ಸ್ವೀಡನ್ 2024ರ ಮಾರ್ಚ್ 7ರಂದು ನೇಟೋ ಸೇರಿತು. ಅದಕ್ಕೂ ಮೊದಲೇ, 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಜತೆ ರಕ್ಷಣಾ ಸಹಕಾರ ಒಪ್ಪಂದಕ್ಕೆ ಸಹಿ ಹಾಕಿತ್ತು. ಅದರಂತೆ ಇಲ್ಲಿನ 17 ಸೇನಾ ನೆಲೆಗಳನ್ನು ಅಮೆರಿಕದ ಪಡೆಗಳು ಬಳಸಬಹುದು. ಕಡ್ಡಾಯ ಸೇನಾ ಸೇವೆ ಮತ್ತೆ ಜಾರಿಯಾಗಿದೆ. ಇಲ್ಲಿ ಹುಟ್ಟಿ ಬೆಳೆದು ಸ್ವೀಡಿಷ್ ಪೌರತ್ವ ಪಡೆದ ನಮ್ಮ ಮಕ್ಕಳಿಗೂ 18 ತುಂಬುವ ವರ್ಷ ಸೇನೆಯ ಪ್ರಶ್ನಾವಳಿ ಬರುತ್ತದೆ. ಹುಡುಗ, ಹುಡುಗಿ ಎಂಬ ಭೇದವಿಲ್ಲ. ಪೌರತ್ವ ಇಲ್ಲದೆ ಕೆಲಸಕ್ಕೆಂದು ಬಂದು ನೆಲೆಸಿದವರನ್ನೂ 16ರಿಂದ 70ರ ವಯಸ್ಸಿನವರೆಗೆ ಯುದ್ಧಕಾಲದ ನಾಗರಿಕ ಕೆಲಸಕ್ಕೆ ಕರೆಯಲು ಕಾನೂನಿನಲ್ಲಿ ಅವಕಾಶವಿದೆ. ಹೀಗಾಗಿ ಯುದ್ಧದ ಮಾತು ನಮ್ಮ ಮನೆಗಳ ಹೊಸ್ತಿಲಿಗೇ ಬಂದಿದೆ.

ಆ ಕೈಪಿಡಿಯಲ್ಲಿ ಒಂದು ಒಳ್ಳೆಯ ಭಾಗವಿದೆ. ಸುಳ್ಳು ಸುದ್ದಿಯನ್ನು ನಂಬಬೇಡಿ, ಯಾರು ಹೇಳಿದ್ದು, ಯಾಕೆ ಹೇಳಿದ್ದು ಎಂದು ವಿಚಾರಿಸಿ ಎನ್ನುತ್ತದೆ. ನಮ್ಮ ಮಕ್ಕಳಿಗೆ ಶಾಲೆಯಲ್ಲೂ ಇದೇ ಪಾಠ. ಅದನ್ನು ನಾವು ಒಪ್ಪುತ್ತೇವೆ. ಆದರೆ ಸುಳ್ಳು ಶತ್ರು ದೇಶದಿಂದ ಮಾತ್ರ ಬರುವುದಿಲ್ಲ. ಯುದ್ಧದ ಕಾಲದಲ್ಲಿ ಬಹು ದೊಡ್ಡ ಸುಳ್ಳುಗಳು ಜನರೇ ಆರಿಸಿದ ನಾಯಕರ ಬಾಯಿಂದಲೇ ಬಂದಿವೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಈ ಪ್ರಶ್ನೆಗೆ ನಾವು ಬದುಕುತ್ತಿರುವ ಈ ದೇಶದ ಚರಿತ್ರೆಯಲ್ಲೇ ಪಾಠಗಳಿವೆ.

1972ರ ಡಿಸೆಂಬರ್ 18ರಿಂದ ಅಮೆರಿಕದ ಬಿ-52 ವಿಮಾನಗಳು ಹನೋಯ್ ಮತ್ತು ಹೈಫಾಂಗ್ ನಗರಗಳ ಮೇಲೆ ಬಾಂಬ್ ಸುರಿಸಿದವು. ಶಾಂತಿ ಇನ್ನೇನು ಕೈಗೆ ಸಿಕ್ಕಿತು ಎಂದು ಹೆನ್ರಿ ಕಿಸಿಂಜರ್ ಹೇಳಿ ಆಗ ಎರಡು ತಿಂಗಳೂ ಆಗಿರಲಿಲ್ಲ. ಹನೋಯ್‌ನ ಬಾಕ್ ಮಾಯ್ ಆಸ್ಪತ್ರೆಯ ಮೇಲೂ ಬಾಂಬ್ ಬಿತ್ತು. ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು, ಡಿಸೆಂಬರ್ 23ರಂದು, ಸ್ವೀಡನ್ ಪ್ರಧಾನಿ ಓಲೋಫ್ ಪಾಲ್ಮೆ ಒಂದು ಚಿಕ್ಕ ಹೇಳಿಕೆ ಕೊಟ್ಟರು. ಈ ಬಾಂಬ್ ದಾಳಿಯನ್ನು ಅವರು ಗೆರ್ನಿಕಾ, ಲಿಡಿಟ್ಸೆ, ಟ್ರೆಬ್ಲಿಂಕಾಗಳ ಸಾಲಿಗೆ ಸೇರಿಸಿದರು. ಅಧ್ಯಕ್ಷ ರಿಚರ್ಡ್ ನಿಕ್ಸನ್ ಕೆಂಡಾಮಂಡಲವಾದರು. ಹೊಸ ರಾಯಭಾರಿಯನ್ನು ಕಳಿಸಬೇಡಿ ಎಂದು ಸ್ವೀಡನ್ನಿಗೆ ಹೇಳಿದರು. 1974ರವರೆಗೆ ಎರಡೂ ರಾಜಧಾನಿಗಳಲ್ಲಿ ರಾಯಭಾರಿಗಳಿರಲಿಲ್ಲ.

ಪಾಲ್ಮೆಯವರ ಹೋಲಿಕೆ ಅತಿಯಾಯಿತು ಎಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅದು ಇರಲಿ. ಆದರೆ ಆ ಹೊತ್ತಿಗೆ ನಿಕ್ಸನ್ ತಮ್ಮ ಜನರಿಗೆ ಏನು ಹೇಳುತ್ತಿದ್ದರು ಎಂಬುದನ್ನು ನೋಡಬೇಕು. 1969ರ ಮಾರ್ಚ್‌ನಿಂದ 1970ರ ಮೇ ತನಕ ಅಮೆರಿಕ ತಟಸ್ಥ ದೇಶವಾದ ಕಾಂಬೋಡಿಯಾದ ಮೇಲೆ ಗುಟ್ಟಾಗಿ ಸುಮಾರು ಒಂದು ಲಕ್ಷ ಟನ್ ಬಾಂಬ್ ಹಾಕಿತು. ಬಾಂಬ್ ಬಿದ್ದದ್ದು ದಕ್ಷಿಣ ವಿಯೆಟ್ನಾಂನಲ್ಲಿ ಎಂದು ಸೇನೆಯ ಕಡತಗಳಲ್ಲೇ ಸುಳ್ಳು ಬರೆಸಲಾಯಿತು. 1970ರ ಏಪ್ರಿಲ್ 30ರಂದು ಟಿವಿಯಲ್ಲಿ ಮಾತಾಡಿದ ನಿಕ್ಸನ್, ಕಾಂಬೋಡಿಯಾದ ತಟಸ್ಥ ನೀತಿಯನ್ನು ಅಮೆರಿಕ ಚಾಚೂ ತಪ್ಪದೆ ಗೌರವಿಸಿಕೊಂಡು ಬಂದಿದೆ ಎಂದರು. ಆ ಮಾತು ಆಡುವ ಹೊತ್ತಿಗೆ ಗುಟ್ಟಿನ ದಾಳಿಗೆ ವರ್ಷ ದಾಟಿತ್ತು.

ಇದು ಅವರೊಬ್ಬರ ಚಾಳಿಯಲ್ಲ. ಅವರಿಗಿಂತ ಮೊದಲಿನ ಅಧ್ಯಕ್ಷ ಲಿಂಡನ್ ಜಾನ್ಸನ್ 1964ರ ಆಗಸ್ಟ್ 4ರಂದು ಟಾಂಕಿನ್ ಕೊಲ್ಲಿಯಲ್ಲಿ ತಮ್ಮ ಹಡಗುಗಳ ಮೇಲೆ ಎರಡನೇ ಬಾರಿ ದಾಳಿಯಾಯಿತು ಎಂದು ಹೇಳಿ, ಮೂರೇ ದಿನಗಳಲ್ಲಿ ಸಂಸತ್ತಿನಿಂದ ಯುದ್ಧಕ್ಕೆ ಒಪ್ಪಿಗೆ ಪಡೆದರು. ಕೆಳಮನೆಯಲ್ಲಿ ಒಂದೇ ಒಂದು ವಿರೋಧದ ಮತ ಬೀಳಲಿಲ್ಲ. ಸೆನೆಟ್‌ನಲ್ಲಿ ವಿರೋಧಿಸಿದವರು ಇಬ್ಬರು ಮಾತ್ರ. ಆ ಎರಡನೇ ದಾಳಿ ನಡೆದೇ ಇರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು, ಲಕ್ಷಾಂತರ ವಿಯೆಟ್ನಾಮಿಯರು ಸತ್ತಿದ್ದರು. ಯುದ್ಧ ಬೇಡವೆಂದು ಸೇನೆ ಬಿಟ್ಟು ಓಡಿ ಬಂದ ಸುಮಾರು ಸಾವಿರ ಅಮೆರಿಕನ್ ಯುವಕರಿಗೆ ಆಗ ನೆಲೆ ಕೊಟ್ಟದ್ದು ಇದೇ ಸ್ವೀಡನ್.

ಸುಳ್ಳಿಗೆ ಲೆಕ್ಕ ಕೇಳಿದವರು ಯಾರು? ಡೇನಿಯಲ್ ಎಲ್ಸ್‌ಬರ್ಗ್ ಎಂಬ ಅಧಿಕಾರಿ ಯುದ್ಧದ ರಹಸ್ಯ ಕಡತಗಳನ್ನು ಪತ್ರಿಕೆಗಳಿಗೆ ಕೊಟ್ಟರು. 1971ರ ಜೂನ್ 13ರಿಂದ ‘ನ್ಯೂಯಾರ್ಕ್ ಟೈಮ್ಸ್’ ಅವನ್ನು ಪ್ರಕಟಿಸಿತು. ಸರ್ಕಾರ ತಡೆಯಲು ಹೋದಾಗ ಸುಪ್ರೀಂ ಕೋರ್ಟ್ 6-3ರ ಬಹುಮತದಲ್ಲಿ ಪತ್ರಿಕೆಗಳ ಪರ ನಿಂತಿತು. ಕಾಂಬೋಡಿಯಾದ ಗುಟ್ಟನ್ನು 1973ರಲ್ಲಿ ಸೆನೆಟ್ ಸಮಿತಿಯ ಮುಂದೆ ಹೇಳಿದವರು ಹಾಲ್ ನೈಟ್ ಎಂಬ ವಾಯುಪಡೆಯ ಮೇಜರ್. ನಿಜವಾದ ಗುರಿಗಳ ಕಾಗದ ಸುಟ್ಟು ಸುಳ್ಳು ವರದಿ ಬರೆಯುವ ಕೆಲಸ ಅವರದೇ ಆಗಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ನಿಕ್ಸನ್‌ರ ವಿಟೊವನ್ನೂ ಮೀರಿ, ಯುದ್ಧ ಮಾಡುವ ಅಧ್ಯಕ್ಷರ ಅಧಿಕಾರಕ್ಕೆ ಮಿತಿ ಹಾಕುವ ಕಾನೂನು ಬಂತು.

ಆದರೂ ಕೊನೆಯ ಲೆಕ್ಕ ಸರಿಯಾಗಿ ಚುಕ್ತಾ ಆಗಲಿಲ್ಲ. ಕಾಂಬೋಡಿಯಾದ ಸುಳ್ಳಿಗಾಗಿ ನಿಕ್ಸನ್ ಮೇಲೆ ಮಹಾಭಿಯೋಗದ ಆರೋಪ ಹೊರಿಸಬೇಕು ಎಂಬ ಸೂಚನೆ 1974ರ ಜುಲೈ 30ರಂದು ಸಂಸದೀಯ ಸಮಿತಿಯಲ್ಲಿ 26-12 ಮತಗಳಿಂದ ಬಿದ್ದುಹೋಯಿತು. ಹತ್ತು ದಿನಗಳಲ್ಲಿ ಅವರು ರಾಜೀನಾಮೆ ಕೊಟ್ಟದ್ದು ವಾಟರ್‌ಗೇಟ್ ಕಳ್ಳತನವನ್ನು ಮುಚ್ಚಿಹಾಕಲು ಹೋಗಿ ಸಿಕ್ಕಿಬಿದ್ದದ್ದಕ್ಕೆ. ಮುಂದಿನ ತಿಂಗಳೇ ಹೊಸ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರಿಗೆ ಕ್ಷಮಾದಾನ ಕೊಟ್ಟರು. ವಿರೋಧ ಪಕ್ಷದ ಕಚೇರಿಗೆ ನುಗ್ಗಿದ್ದು ಅಪರಾಧವಾಯಿತು, ಇನ್ನೊಂದು ದೇಶದ ಮೇಲೆ ಗುಟ್ಟಾಗಿ ಬಾಂಬ್ ಹಾಕಿ ಜನರಿಗೆ ಸುಳ್ಳು ಹೇಳಿದ್ದು ರಾಜಕಾರಣವಾಯಿತು!

ಹಾಗಾದರೆ ಸ್ವೀಡನ್ ಸತ್ಯಹರಿಶ್ಚಂದ್ರನ ನಾಡೇ? ಅಲ್ಲ. ನಾವು ಉಂಡ ಮನೆಯ ಗುಣಗಾನ ಮಾಡಲು ಕೂತಿಲ್ಲ. ಪಾಲ್ಮೆಯವರ ಆ ಹೇಳಿಕೆಯಾಗಿ ಐದು ತಿಂಗಳೂ ಕಳೆದಿರಲಿಲ್ಲ, 1973ರ ಮೇ ತಿಂಗಳಲ್ಲಿ ಒಂದು ಸಣ್ಣ ಪತ್ರಿಕೆ ‘ಐಬಿ’ ಎಂಬ ಗುಪ್ತ ಸಂಸ್ಥೆಯ ವಿಷಯ ಬಯಲಿಗೆಳೆಯಿತು. ಸಂಸತ್ತಿಗೂ ಸರಿಯಾಗಿ ತಿಳಿಯದಂತೆ ಆ ಸಂಸ್ಥೆ ಎಡಪಂಥೀಯ ನಾಗರಿಕರ ಮೇಲೆ ಕಣ್ಣಿಟ್ಟಿತ್ತು, ಅಮೆರಿಕದ ಗುಪ್ತಚರರ ಜತೆಗೂ ಅದರ ನಂಟಿತ್ತು ಎಂದು ಪತ್ರಿಕೆ ಬರೆಯಿತು. ಸಂಸ್ಥೆಗೂ ತಮ್ಮ ಪಕ್ಷಕ್ಕೂ ಸಂಬಂಧವಿಲ್ಲ ಎಂದರು ಪಾಲ್ಮೆ. ವರದಿ ಬರೆದ ಯಾನ್ ಗಿಯೂ ಮತ್ತು ಪೀಟರ್ ಬ್ರಾಟ್ ಅವರಿಗೆ 1974ರ ಜನವರಿಯಲ್ಲಿ ಬೇಹುಗಾರಿಕೆ ಆರೋಪದಲ್ಲಿ ಜೈಲು ಶಿಕ್ಷೆಯಾಯಿತು. ನಾಗರಿಕರ ರಾಜಕೀಯ ನಿಲುವುಗಳನ್ನು ಗುಟ್ಟಾಗಿ ದಾಖಲಿಸಿದ್ದು ನಿಜ ಎಂದು ಸರ್ಕಾರದ್ದೇ ಆಯೋಗ ವರದಿ ಕೊಟ್ಟದ್ದು 2002ರಲ್ಲಿ. ಪರರ ಸುಳ್ಳನ್ನು ಬಯಲಿನಲ್ಲಿ ನಿಂತು ಖಂಡಿಸಿದವರೇ ಮನೆಯೊಳಗಿನ ಸತ್ಯಕ್ಕೆ ಬೀಗ ಹಾಕಿದ್ದರು.

2003ರಲ್ಲಿ ಇರಾಕ್ ಯುದ್ಧಕ್ಕೆ ಮೊದಲು ವಿಶ್ವಸಂಸ್ಥೆಯ ಶಸ್ತ್ರಾಸ್ತ್ರ ತಪಾಸಣಾ ತಂಡದ ಮುಖ್ಯಸ್ಥರಾಗಿದ್ದ ಹಾನ್ಸ್ ಬ್ಲಿಕ್ಸ್ ಕೂಡ ಸ್ವೀಡನ್ನಿನವರು. ಸಮೂಹನಾಶಕ ಅಸ್ತ್ರಗಳ ದಾಸ್ತಾನು ಸಿಕ್ಕಿಲ್ಲ, ತಪಾಸಣೆಗೆ ಇನ್ನಷ್ಟು ತಿಂಗಳು ಬೇಕು ಎಂದು ಅವರು ಭದ್ರತಾ ಮಂಡಳಿಗೆ ಹೇಳಿದರು. ಅಧ್ಯಕ್ಷ ಜಾರ್ಜ್ ಬುಷ್ ಕಾಯಲಿಲ್ಲ. ಮರುವರ್ಷ ಅಮೆರಿಕದ್ದೇ ತನಿಖಾ ತಂಡ ಅಂಥ ದಾಸ್ತಾನು ಇರಲಿಲ್ಲ ಎಂದು ವರದಿ ಕೊಟ್ಟಿತು. ಅದು ಸುಳ್ಳೋ, ತಪ್ಪು ಅಂದಾಜೋ ಎಂಬ ವಾದ ಇನ್ನೂ ಮುಗಿದಿಲ್ಲ. ಪ್ರಶ್ನೆಚಿಹ್ನೆ ಇರಬೇಕಾದ ಕಡೆ ಅವರು ಆಶ್ಚರ್ಯಸೂಚಕ ಚಿಹ್ನೆ ಹಾಕಿದರು ಎಂಬರ್ಥದ ಮಾತನ್ನು ಬ್ಲಿಕ್ಸ್ ಆಮೇಲೆ ಆಡಿದರು. ನಮ್ಮ ಮಟ್ಟಿಗೆ ಅಷ್ಟೇ ಸಾಕು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ ಬೇರೆಯವರ ಮಕ್ಕಳನ್ನು ರಣರಂಗಕ್ಕೆ ಕಳಿಸುವುದು ಸುಳ್ಳಿನ ಅಣ್ಣನೇ ಸರಿ.

ಊರಿನ ಓದುಗರಿಗೆ ಇದು ದೂರದ ಕತೆ ಎನಿಸದಿರಲಿ. 1987ರ ಏಪ್ರಿಲ್ 16ರಂದು ಬೋಫೋರ್ಸ್ ಫಿರಂಗಿ ವ್ಯವಹಾರದಲ್ಲಿ ಲಂಚ ಸಂದಾಯವಾಗಿದೆ ಎಂಬ ಸುದ್ದಿ ಹೊರಬಿದ್ದದ್ದು ಸ್ವೀಡನ್ನಿನ ಸಾರ್ವಜನಿಕ ರೇಡಿಯೊದಲ್ಲಿ. ಮಧ್ಯವರ್ತಿಗಳೇ ಇಲ್ಲ ಎಂದು ದೆಹಲಿಯಲ್ಲಿ ಹೇಳಿದರು. ಜಂಟಿ ಸಂಸದೀಯ ಸಮಿತಿ ರಚನೆಯಾಯಿತು, ಅದರ ಅಧ್ಯಕ್ಷರಾಗಿದ್ದವರು ನಮ್ಮ ಚಿಕ್ಕೋಡಿಯ ಬಿ. ಶಂಕರಾನಂದ. ಲಂಚ ನಡೆದಿಲ್ಲ ಎಂದು ಸಮಿತಿ ವರದಿ ಕೊಟ್ಟಿತು. ಪತ್ರಿಕೆಗಳು ಮಾತ್ರ ಒಂದೊಂದೇ ದಾಖಲೆ ಹೊರಗೆಳೆಯುತ್ತ ಹೋದವು. ಅವನ್ನು ಕೊಟ್ಟವರು ಸ್ವೀಡನ್ನಿನ ಪೊಲೀಸ್ ಅಧಿಕಾರಿ ಸ್ಟೆನ್ ಲಿಂಡ್‌ಸ್ಟ್ರೋಮ್ ಎಂದು ಜಗತ್ತಿಗೆ ತಿಳಿದದ್ದು 2012ರಲ್ಲಿ, ಅವರೇ ಹೇಳಿಕೊಂಡಾಗ. ರಾಜೀವ್ ಗಾಂಧಿಯವರ ಮೇಲಿನ ಲಂಚದ ಆರೋಪವನ್ನು ದೆಹಲಿ ಹೈಕೋರ್ಟ್ 2004ರಲ್ಲಿ ತಳ್ಳಿಹಾಕಿತು ಎಂಬುದನ್ನೂ ಹೇಳಬೇಕು. ಆದರೆ ಅಷ್ಟು ಹೊತ್ತಿಗೆ ಅವರು ತೀರಿಕೊಂಡು ಸುಮಾರು 13 ವರ್ಷವಾಗಿತ್ತು. ಸತ್ಯ ತಡವಾದರೆ ತಪ್ಪಿತಸ್ಥ ಪಾರಾಗುತ್ತಾನೆ, ನಿರಪರಾಧಿಗೂ ನ್ಯಾಯ ಸಿಗುವುದಿಲ್ಲ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇವೆ ಎಂದರೆ, ಒಳ್ಳೆಯ ನಾಯಕ ಬಂದರೆ ಸಾಕು ಎಂಬ ನಂಬಿಕೆ ಸಾಲದು. ಒಳ್ಳೆಯವರೂ ಮುಚ್ಚಿಡುತ್ತಾರೆ. ಬೇಕಾದದ್ದು ಕೇಳುವ ಹಕ್ಕು ಮತ್ತು ಹೇಳಿದವರಿಗೆ ರಕ್ಷಣೆ. ಸ್ವೀಡನ್ 1766ರಲ್ಲೇ ಸರ್ಕಾರಿ ಕಡತಗಳನ್ನು ಜನರಿಗೆ ತೆರೆದಿಡುವ ಕಾನೂನು ಮಾಡಿತು. ಪತ್ರಿಕೆಗೆ ಮಾಹಿತಿ ಕೊಟ್ಟ ನೌಕರ ಯಾರೆಂದು ಹುಡುಕುವುದನ್ನೇ ಇಲ್ಲಿನ ಸಂವಿಧಾನ ಅಧಿಕಾರಿಗಳಿಗೆ ನಿಷೇಧಿಸಿದೆ. ದೇಶದ ಭದ್ರತೆಯ ಗುಟ್ಟುಗಳಂಥವು ಇದಕ್ಕೆ ಹೊರತು. ಪ್ರಧಾನಿಯೂ ಸಂಸತ್ತಿನ ಸಂವಿಧಾನ ಸಮಿತಿಯ ಮುಂದೆ ಕೂತು, ಟಿವಿ ಕ್ಯಾಮೆರಾಗಳ ಎದುರು ಉತ್ತರ ಕೊಡುತ್ತಾರೆ. ಕರ್ನಾಟಕವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಕೇಂದ್ರದ ಕಾಯ್ದೆ ಬರುವ ಐದು ವರ್ಷ ಮೊದಲೇ, 2000ದಲ್ಲಿ, ನಮ್ಮ ರಾಜ್ಯ ಮಾಹಿತಿ ಹಕ್ಕಿನ ಕಾಯ್ದೆ ಮಾಡಿತ್ತು.

ಯುದ್ಧದ ಭಯ ಹೆಚ್ಚಿದಷ್ಟೂ ‘ಭದ್ರತೆಯ ಗುಟ್ಟು’ ಎಂಬ ಆ ಹೊರತಿನ ಬಾಗಿಲು ಅಗಲವಾಗುತ್ತ ಹೋಗುತ್ತದೆ. ಐಬಿ ಪ್ರಕರಣದಲ್ಲಿ ಪತ್ರಕರ್ತರು ಜೈಲಿಗೆ ಹೋದದ್ದು ಆ ಬಾಗಿಲಿನಿಂದಲೇ. ಇಂದು 17 ನೆಲೆಗಳ ಕೀಲಿಯಲ್ಲಿ ವಾಷಿಂಗ್ಟನ್ನಿಗೂ ಪಾಲಿರುವಾಗ, ಅಲ್ಲಿನ ಅಧ್ಯಕ್ಷರ ಮಾತಿನ ನಿಜವನ್ನು ತೂಗಿ ನೋಡುವುದು ಇಲ್ಲಿನವರ ಕೆಲಸವೂ ಆಗಿದೆ. ನಮ್ಮಲ್ಲಿ ಪೌರತ್ವ ಪಡೆದವರಿಗೆ ಸಂಸತ್ತಿನ ಚುನಾವಣೆಯಲ್ಲಿ ಮತವಿದೆ. ಮೂರು ವರ್ಷದಿಂದ ನೆಲೆಸಿದವರಿಗೆ ಸ್ಥಳೀಯ ಚುನಾವಣೆಯಲ್ಲಿ ಮತವಿದೆ. ‘ನಾವು ಹೊರಗಿನವರು, ನಮಗ್ಯಾಕೆ’ ಎಂದು ಮನೆಯಲ್ಲಿ ಕೂರುವ ಅಭ್ಯಾಸವನ್ನು ನಾವು ಬಿಡಬೇಕು. ಕರೆ ಬಂದರೆ ಹೋಗಬೇಕಾದವರು ನಮ್ಮ ಮಕ್ಕಳು ಎಂದಾದಮೇಲೆ, ಯಾಕೆ ಎಂದು ಕೇಳುವ ಹಕ್ಕೂ ನಮ್ಮದೇ.

ಕೊನೆಗೆ ಊರಿನ ಹಿರಿಯರಲ್ಲಿ ಒಂದು ತಪ್ಪೊಪ್ಪಿಗೆ. ‘ಏನೂ ಇಲ್ಲಮ್ಮ’ ಎಂದು ನಾವು ಫೋನಿನಲ್ಲಿ ಹೇಳಿದ್ದೂ ಒಂದು ಸುಳ್ಳೇ. ನೀವು ರಾತ್ರಿ ನಿದ್ದೆಗೆಡಬಾರದು ಎಂದು ಹೇಳಿದ್ದು. ದೊಡ್ಡವರೂ ತಮ್ಮ ಸುಳ್ಳಿಗೆ ಇದೇ ಕಾರಣ ಕೊಡುತ್ತಾರೆ, ಜನ ಗಾಬರಿಯಾಗಬಾರದು ಎಂದು. ಆದ್ದರಿಂದ ಇನ್ನು ಮುಂದೆ ನೀವು ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳುತ್ತೇವೆ: ಇಲ್ಲಿ ಸದ್ಯಕ್ಕೆ ಯುದ್ಧವಿಲ್ಲ, ಆದರೆ ಸಿದ್ಧತೆ ಇದೆ. ಮನೆಯಲ್ಲಿ ಒಂದು ವಾರಕ್ಕಾಗುವಷ್ಟು ನೀರು, ಅಕ್ಕಿ, ಬೇಳೆ ಇಟ್ಟುಕೊಂಡಿದ್ದೇವೆ. ಮಕ್ಕಳು ಚೆನ್ನಾಗಿದ್ದಾರೆ. ನೀವು ಪ್ರಶ್ನೆ ಕೇಳುವುದನ್ನು ನಿಲ್ಲಿಸಬೇಡಿ.