ಬೆನ್ನಿಗೆ ಚೀಲ ಏರಿಸಿದ ಮಕ್ಕಳು

ನಮ್ಮ ಕ್ರೇಗಿಬರ್ನ್‌ನಲ್ಲಿ ಚಳಿ ಕೊರೆಯುವಾಗ ಸ್ಪೇನ್‌ನಲ್ಲಿ ಬೇಸಿಗೆ. ಓದು ಮುಗಿಸಿದ ಮಕ್ಕಳು ಬೆನ್ನಿಗೊಂದು ಚೀಲ ಏರಿಸಿ ಒಬ್ಬೊಬ್ಬರೇ ಅತ್ತ ಹೊರಡುವುದುಂಟು. ಜುಲೈನಲ್ಲಿ ಪಾಂಪ್ಲೋನಾದ ಗೂಳಿ ಓಟ, ಬಳಿಕ ಬಾರ್ಸಿಲೋನಾದ ಕಡಲತೀರ, ಆಗಸ್ಟ್‌ನ ಕೊನೆಯ ಬುಧವಾರ ಬುನ್ಯೋಲ್‌ನಲ್ಲಿ 1945ರಲ್ಲಿ ಹುಟ್ಟಿದ ಟೊಮೇಟೊ ಎರಚಾಟ. "ಹೆಣ್ಣುಮಗಳು ಒಬ್ಬಳೇ ಹೋಗುವುದೇ?" ಎಂಬ ಅಳುಕು ಹಲವರಿಗೆ. ಹೋಗಲಿ ಎನ್ನುತ್ತೇವೆ ನಾವು. ಗುರುತಿಲ್ಲದ ಊರಿನಲ್ಲಿ ಬಸ್ಸು ಹಿಡಿದು, ಕೈಯಲ್ಲಿರುವಷ್ಟರಲ್ಲೇ ದಿನ ಕಳೆಯುವುದನ್ನು ಯಾವ ಕಾಲೇಜೂ ಕಲಿಸದು.

ನಮ್ಮ ಕೊರಗು ಬೇರೆ. ಅದೇ ಮಕ್ಕಳು ನಮ್ಮೂರಿಗೆ ಬಂದರೆ ಚಿಕ್ಕಪ್ಪನ ಮನೆಯಿಂದ ಸೋದರತ್ತೆಯ ಮನೆಗೆ ಕಾರಿನಲ್ಲೇ ಪಯಣ. ತಾಳವಾಡಿ ಬಳಿಯ ಗುಮಟಾಪುರ ತಮಿಳುನಾಡಿಗೆ ಸೇರಿದ್ದರೂ ಕನ್ನಡದ ಊರು. ದೀಪಾವಳಿ ಮುಗಿಯುತ್ತಲೇ ಅಲ್ಲಿ ಗೋರೆಹಬ್ಬ; ಗಂಡಸರು ಸಗಣಿಯ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ಬುನ್ಯೋಲ್ ಬಲ್ಲ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಇದರ ಹೆಸರು ಕೇಳಿದ್ದಾರೆ?

ಸ್ಪೇನ್ ಸುತ್ತಿ ಬಂದವಳು ಚಾಮರಾಜನಗರದಲ್ಲಿ ಸರ್ಕಾರಿ ಬಸ್ಸು ಹತ್ತಲಾರಳೇ? ಚೀಲವನ್ನು ಅಲ್ಲಿಯೂ ಅವಳ ಬೆನ್ನಿಗೇ ಬಿಡೋಣ. ನೆಂಟರ ಮನೆಯಲ್ಲಿ ಇಂಗ್ಲಿಷಿನಲ್ಲೇ ಸುಧಾರಿಸಿದವಳು ಬಸ್ಸಿನಲ್ಲಿ ಪಕ್ಕದ ಅಜ್ಜಿಯೊಡನೆ ಕನ್ನಡ ಆಡಲೇಬೇಕಾಗುತ್ತದೆ. ಇಲ್ಲಿ ನಾವು ವರ್ಷಗಟ್ಟಲೆ ಹೇಳಿಕೊಟ್ಟ ಭಾಷೆ ಅವಳದಾಗುವುದು ಅಂದೇ.